ನಿಂತ ಕಾರಿನ ಬ್ರೇಕ್ ತುಕ್ಕು

ಓಡದೆ ನಿಂತ ಕಾರಿನ ಬ್ರೇಕ್ ಡಿಸ್ಕ್ ಅಥವಾ ಡ್ರಮ್ಮಿನ ಮೈಮೇಲೆ ತೇವದಿಂದ ಕಟ್ಟುವ ಕೇಸರಿ ಬಣ್ಣದ ಪೊರೆ. ಒಂದೇ ರಾತ್ರಿಯ ಮಳೆಗೆ, ಅಥವಾ ಗಾಡಿ ತೊಳೆದ ಕೆಲವೇ ಗಂಟೆಗಳಲ್ಲಿ ಇದು ಕಾಣಿಸಿಕೊಳ್ಳುತ್ತದೆ. ಮರುದಿನ ಓಡಿಸಿ ನಾಲ್ಕಾರು ಸಲ ಬ್ರೇಕ್ ಒತ್ತಿದರೆ ಪ್ಯಾಡಿನ ಉಜ್ಜಾಟಕ್ಕೆ ಅಳಿಸಿಹೋಗುತ್ತದೆ. ಇಷ್ಟರಮಟ್ಟಿಗೆ ಅದು ದೋಷವಲ್ಲ. ಗಾಡಿ ತಿಂಗಳುಗಟ್ಟಲೆ ನಿಂತಾಗ ಅದೇ ಪೊರೆ ದಪ್ಪವಾಗಿ ಲೋಹವನ್ನು ಕೊರೆಯುತ್ತದೆ, ಪ್ಯಾಡನ್ನು ಡಿಸ್ಕಿಗೆ ಅಂಟಿಸುತ್ತದೆ, ಒಳಗಿನ ಚಲಿಸುವ ಭಾಗಗಳನ್ನು ಬಿಗಿಯುತ್ತದೆ. ಮೇಲಿನ ಪೊರೆಯನ್ನು ಕಂಡೇ ಗಾಬರಿಯಾಗಿ ಹೊಸ ಡಿಸ್ಕ್ ಹಾಕಿಸಿದವರಿದ್ದಾರೆ. ಆಳದ ತುಕ್ಕನ್ನು ಕಂಡೂ ಓಡಿಸಿದರೆ ಹೋಗುತ್ತದೆ ಎಂದು ನೇರ ಹೆದ್ದಾರಿಗೆ ಇಳಿದವರೂ ಇದ್ದಾರೆ. ತೆಳು ತುಕ್ಕು ಎಲ್ಲಿ ಮುಗಿಯುತ್ತದೆ, ಕೊರೆಯುವ ತುಕ್ಕು ಎಲ್ಲಿ ಶುರುವಾಗುತ್ತದೆ ಎಂದು ಗುರುತಿಸುವುದೇ ಇಲ್ಲಿ ಮುಖ್ಯ.

ಕರ್ನಾಟಕದಲ್ಲಿ ಈ ತೊಂದರೆಯನ್ನು ಚೆನ್ನಾಗಿ ಬಲ್ಲವರು ಕರಾವಳಿಯವರು. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಮೀ ಮೀರಿ ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿಯುತ್ತದೆ. ಮಳೆ ಇಲ್ಲದ ದಿನಗಳಲ್ಲೂ ಕಡಲಿನ ಗಾಳಿ ಉಪ್ಪನ್ನು ಹೊತ್ತು ತರುತ್ತದೆ. ಅದರ ಮೇಲೆ ಕೊಲ್ಲಿ ದೇಶಗಳಲ್ಲಿ ದುಡಿಯುವ ಮನೆಮಂದಿಯ ಕಾರು ವರ್ಷದ ಬಹುಭಾಗ ಅಂಗಳದಲ್ಲೇ ನಿಂತಿರುತ್ತದೆ. ರಜೆಗೆ ಬಂದವರು ಬ್ಯಾಟರಿ ಚಾರ್ಜ್ ಮಾಡಿಸಿ ಎಂಜಿನ್ ಶುರು ಮಾಡುತ್ತಾರೆ, ಗೇರ್ ಹಾಕುತ್ತಾರೆ. ಮುಂದಿನ ಗಾಲಿ ತಿಣುಕುತ್ತದೆ, ಹಿಂದಿನ ಗಾಲಿ ಮಿಸುಕುವುದಿಲ್ಲ. ಗ್ಯಾರೇಜಿನವರ ಮಾತಿನಲ್ಲಿ 'ಬ್ರೇಕ್ ಹಿಡ್ಕೊಂಡಿದೆ'. 2020ರ ಮಾರ್ಚ್ 25ರಂದು ಕೋವಿಡ್ ಕಾರಣಕ್ಕೆ ದೇಶಕ್ಕೆ ಬೀಗ ಬಿದ್ದು ಗಾಡಿಗಳು ನಿಂತಲ್ಲೇ ಉಳಿದವು. ಅದರ ಬೆನ್ನಿಗೇ ಮಳೆಗಾಲ ಬಂತು. ಒಳನಾಡಿನವರಿಗೂ ಈ ಮಾತಿನ ಅರ್ಥವಾದದ್ದು ಆ ವರ್ಷ.

ಡಿಸ್ಕಿಗೆ ಏಕೆ ತುಕ್ಕು

ಕಾರಿನ ಬ್ರೇಕ್ ಡಿಸ್ಕನ್ನು ಬೂದು ಬೀಡು ಕಬ್ಬಿಣದಲ್ಲಿ ಎರಕ ಹೊಯ್ಯುತ್ತಾರೆ. ಇದರಲ್ಲಿ ಶೇ 3ಕ್ಕಿಂತ ಹೆಚ್ಚು ಇಂಗಾಲವಿದ್ದು, ಬಹುಪಾಲು ಗ್ರಾಫೈಟಿನ ತೆಳು ಎಸಳುಗಳಾಗಿ ಲೋಹದೊಳಗೆ ಹರಡಿಕೊಂಡಿರುತ್ತದೆ. ಬ್ರೇಕಿನ ಕಾವನ್ನು ಬೇಗ ಹರಡುವುದಕ್ಕೂ ಕಂಪನವನ್ನು ನುಂಗಿ ಕಿರುಚಾಟ ತಗ್ಗಿಸುವುದಕ್ಕೂ ಈ ಎಸಳುಗಳು ನೆರವಾಗುತ್ತವೆ. ಎರಕ ಹೊಯ್ಯಲು ಸುಲಭ, ಬೆಲೆಯೂ ಕಡಿಮೆ. ಮೋಟಾರ್ ಸೈಕಲ್ಲಿನ ಡಿಸ್ಕ್ ಅಷ್ಟು ಕೆಂಪಾಗುವುದಿಲ್ಲವಲ್ಲ ಎಂದು ಕೇಳುವವರುಂಟು. ಅದನ್ನು ಸಾಮಾನ್ಯವಾಗಿ ಕ್ರೋಮಿಯಂ ಬೆರೆತ ಸ್ಟೇನ್‌ಲೆಸ್ ಉಕ್ಕಿನಿಂದ ಮಾಡುತ್ತಾರೆ. ಆ ಉಕ್ಕು ಕಾವನ್ನು ಸಾಗಿಸುವುದರಲ್ಲಿ ಬೀಡು ಕಬ್ಬಿಣಕ್ಕಿಂತ ಬಹಳ ಹಿಂದೆ. ಹಗುರವಾದ ಬೈಕಿಗೆ ಅದು ಸಾಕು, ಟನ್ನಿಗೂ ಮೀರಿದ ಕಾರನ್ನು ಘಾಟಿಯ ಇಳಿಜಾರಿನಲ್ಲಿ ಮತ್ತೆ ಮತ್ತೆ ತಡೆಯಲು ಬೀಡೇ ಮೇಲು. ಹಾಗಾಗಿ ಡಿಸ್ಕ್ ತುಕ್ಕು ಹಿಡಿಯುವುದು ತಯಾರಕರ ಅಜಾಗ್ರತೆಯಲ್ಲ, ತಿಳಿದೇ ಒಪ್ಪಿಕೊಂಡ ಬೆಲೆ.

ಬಣ್ಣ ಬಳಿಯಬಾರದೇ? ಉಜ್ಜುವ ಮೈಗೆ ಬಳಿದದ್ದು ಮೊದಲ ಬ್ರೇಕಿಗೇ ಹೋಗುತ್ತದೆ, ಹೋಗುವವರೆಗೆ ಹಿಡಿತವನ್ನೂ ಕೆಡಿಸುತ್ತದೆ. ತುಕ್ಕಿಗೆ ಬಗ್ಗದ ಕಬ್ಬಿಣ ಇಲ್ಲವೆಂದಲ್ಲ. ಕರ್ನಾಟಕದ ಅತಿಮಳೆಯ ಸೀಮೆಯಲ್ಲೇ, ಕೊಡಚಾದ್ರಿಯ ಮೂಲ ಮೂಕಾಂಬಿಕೆಯ ಗುಡಿಯ ಬಳಿ, ಹಳೆಯ ಕಬ್ಬಿಣದ ಕಂಬವೊಂದು ತುಕ್ಕಿಗೆ ಸೋಲದೆ ನಿಂತಿದೆ. ಅಂಥದೇ ಆದ ದೆಹಲಿಯ ಕಬ್ಬಿಣದ ಕಂಬದ ಗುಟ್ಟನ್ನು ಕಾನ್ಪುರ ಐಐಟಿಯ ಆರ್. ಬಾಲಸುಬ್ರಮಣ್ಯಂ ವಿವರವಾಗಿ ಅಧ್ಯಯನ ಮಾಡಿದ್ದರು. ಆ ಕಬ್ಬಿಣದಲ್ಲಿರುವ ರಂಜಕದಿಂದಾಗಿ ಮೈಮೇಲೆ ಒತ್ತಾದ ಪೊರೆ ಕಟ್ಟಿ, ಅದೇ ಒಳಗಿನ ಲೋಹಕ್ಕೆ ಕಾವಲಾಗಿದೆ. ಬ್ರೇಕ್ ಡಿಸ್ಕಿಗೆ ಅಂಥ ಕಾವಲು ಸಿಗುವ ಹಾಗಿಲ್ಲ. ಅದರ ಕೆಲಸವೇ ಉಜ್ಜಿಸಿಕೊಳ್ಳುವುದು. ಪ್ರತಿ ಬ್ರೇಕಿಗೂ ಮೈ ಹೊಸದಾಗಿ ಬೆತ್ತಲಾಗುತ್ತದೆ, ಹೊಸ ಲೋಹ ಗಾಳಿಗೆ ತೆರೆದುಕೊಳ್ಳುತ್ತದೆ.

ತುಕ್ಕು ಹುಟ್ಟಲು ಕಬ್ಬಿಣ, ಆಮ್ಲಜನಕ, ನೀರು ಮೂರೂ ಬೇಕು. ನೀರು ಹನಿಯಾಗಿ ಬೀಳಲೇಬೇಕೆಂದಿಲ್ಲ. ಗಾಳಿಯ ಸಾಪೇಕ್ಷ ತೇವಾಂಶ ಸುಮಾರು ಶೇ 60 ದಾಟಿದರೆ ಕಣ್ಣಿಗೆ ಕಾಣದಷ್ಟು ತೆಳುವಾದ ನೀರಿನ ಪದರ ಲೋಹದ ಮೇಲೆ ಕೂರುತ್ತದೆ. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪು ತಾನಾಗಿ ಒದ್ದೆಯಾಗುವ ಹಾಗೆ, ಡಿಸ್ಕಿನ ಮೇಲೆ ಕೂತ ಕಡಲುಪ್ಪೂ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಆ ಉಪ್ಪುನೀರು ವಿದ್ಯುತ್ತನ್ನು ಚೆನ್ನಾಗಿ ಸಾಗಿಸುತ್ತದೆ. ತುಕ್ಕು ಹಿಡಿಯುವುದು ಮೂಲತಃ ಸಣ್ಣಪುಟ್ಟ ವಿದ್ಯುತ್ ಕೋಶಗಳ ಕೆಲಸವಾದ್ದರಿಂದ ಅದು ಅಲ್ಲಿಗೆ ಚುರುಕಾಗುತ್ತದೆ. ಕೇಂಬ್ರಿಜ್‌ನ ಯು. ಆರ್. ಇವಾನ್ಸ್ ಮಾಡಿದ ಒಂದು ಸರಳ ಪ್ರಯೋಗ ಇಲ್ಲಿ ಬಹಳ ಉಪಯುಕ್ತ. ಕಬ್ಬಿಣದ ಮೇಲೆ ಉಪ್ಪುನೀರಿನ ಒಂದು ಹನಿ ಇಟ್ಟರೆ, ಗಾಳಿ ಸುಲಭವಾಗಿ ಸಿಗುವ ಅಂಚಿನಲ್ಲಿ ಲೋಹ ಉಳಿಯುತ್ತದೆ, ಆಮ್ಲಜನಕ ಕೊರೆಯಾದ ನಡುಭಾಗ ಕರಗುತ್ತದೆ. ನಿಂತ ಕಾರಿನಲ್ಲಿ ಪ್ಯಾಡಿನ ಅಡಿ ಇರುವ ಸಂದಿಯ ಪಾಡೂ ಇದೇ. ತೆರೆದ ಭಾಗ ಬೇಗ ಆರುತ್ತದೆ. ಪ್ಯಾಡಿನಡಿ ತೇವ ಉಳಿಯುತ್ತದೆ, ಗಾಳಿ ಸಾಲದು. ಪ್ಯಾಡಿನಲ್ಲಿ ಬೆರೆತ ಉಕ್ಕಿನ ನಾರುಗಳೂ ಜೊತೆಗೆ ತುಕ್ಕು ಹಿಡಿದು ಡಿಸ್ಕಿಗೆ ಕಚ್ಚಿಕೊಳ್ಳುತ್ತವೆ. ಬಹುಕಾಲ ನಿಂತ ಕಾರಿನ ಡಿಸ್ಕ್ ಮೇಲೆ ಪ್ಯಾಡಿನ ಅಚ್ಚು ಅಚ್ಚುಕಟ್ಟಾಗಿ ಮೂಡಿರುವುದು ಹೀಗೆ.

ತುಕ್ಕಿನ ಬಣ್ಣ ಅದರ ವಯಸ್ಸನ್ನು ಸ್ವಲ್ಪಮಟ್ಟಿಗೆ ಹೇಳುತ್ತದೆ. ಹೊಸದು ಕೇಸರಿ, ಬೆರಳಿಗೆ ಪುಡಿಯಾಗಿ ಹತ್ತುತ್ತದೆ. ಹಳತಾದಂತೆ ಕಂದಾಗುತ್ತದೆ, ಅಡಿಯಲ್ಲಿ ಕಪ್ಪು ಪದರ ಗಟ್ಟಿಯಾಗಿ ಕೂರುತ್ತದೆ. ತುಕ್ಕಿನ ಗಾತ್ರ ಅದು ತಿಂದ ಕಬ್ಬಿಣದ ಗಾತ್ರಕ್ಕಿಂತ ಎರಡು ಪಟ್ಟಿಗೂ ಹೆಚ್ಚು. ಚಕ್ಕೆ ಏಳುವುದಕ್ಕೂ ಬಿಗಿಯಾಗಿ ಕೂತ ಭಾಗಗಳು ಒಂದಕ್ಕೊಂದು ಸಿಕ್ಕಿಕೊಳ್ಳುವುದಕ್ಕೂ ಈ ಉಬ್ಬುವಿಕೆಯೇ ಕಾರಣ.

ಡ್ರಮ್ ಬ್ರೇಕಿನ ಕಾಲದಲ್ಲಿ ಈ ತುಕ್ಕು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ, ಮುಚ್ಚಿದ ಡಬ್ಬಿಯೊಳಗಿತ್ತು. ಡಿಸ್ಕ್ ಬ್ರೇಕಿಗೆ ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲೇ ಪೇಟೆಂಟ್ ಪಡೆದಿದ್ದರೂ, ಅದರ ಬಲ ಜಗತ್ತಿಗೆ ತಿಳಿದದ್ದು 1953ರ ಲ ಮಾನ್ ಓಟವನ್ನು ಡನ್‌ಲಪ್ ಡಿಸ್ಕ್ ತೊಟ್ಟ ಜಾಗ್ವಾರ್ ಗೆದ್ದಾಗ. 1955ರಲ್ಲಿ ಬಂದ ಸಿಟ್ರನ್ ಡಿಎಸ್ ಅದನ್ನು ಮನೆಬಳಕೆಯ ಕಾರಿಗೆ ತಂದಿತು. ಮುಂದೆ ಅಗಲ ಕಿಂಡಿಗಳ ಅಲಾಯ್ ಗಾಲಿಗಳು ಬಂದು ಡಿಸ್ಕನ್ನು ಬೀದಿಗೆಲ್ಲ ತೋರಿಸತೊಡಗಿದವು. ತುಕ್ಕಿನ ಬಗೆಗಿನ ಇಂದಿನ ಆತಂಕದಲ್ಲಿ ಒಂದಿಷ್ಟು ಪಾಲು ಈ ತೆರೆದ ಗಾಲಿಗಳದು.

ತೆಳು ತುಕ್ಕು ಯಾವುದು, ಆಳದ್ದು ಯಾವುದು

ಮೊದಲು ನೋಡಬೇಕಾದದ್ದು ತುಕ್ಕು ಎಲ್ಲಿದೆ ಎಂಬುದನ್ನು. ಪ್ಯಾಡ್ ತಾಗದ ನಡುವಿನ ಟೊಪ್ಪಿಗೆಯಂಥ ಭಾಗ, ಡಿಸ್ಕಿನ ಹೊರ ಅಂಚು, ಗಾಳಿಯಾಡುವ ಒಳಕಿಂಡಿಗಳು, ಇವು ದಿನವೂ ಓಡುವ ಕಾರಿನಲ್ಲೂ ಕೆಂಪಾಗಿಯೇ ಇರುತ್ತವೆ. ಅಂಚಿನ ತುಕ್ಕು ಚಕ್ಕೆಯಾಗಿ ಬೆಳೆದು ಪ್ಯಾಡಿಗೆ ತಾಗಿ ಕೆರೆಯತೊಡಗಿದಾಗ ಮಾತ್ರ ಅದರ ಚಿಂತೆ ಬೇಕು. ಪ್ಯಾಡ್ ಉಜ್ಜುವ ಪಟ್ಟಿಯ ಮೇಲಿರುವುದು ನಿಜವಾಗಿ ಲೆಕ್ಕಕ್ಕೆ ಬರುವ ತುಕ್ಕು. ಒಂದೆರಡು ಕಿಲೋಮೀಟರ್ ಓಡಿ ಬಂದ ಮೇಲೆ ಆ ಪಟ್ಟಿ ಪೂರ್ತಿ ಬೆಳ್ಳಗಾಗಿದ್ದರೆ ವಿಷಯ ಮುಗಿಯಿತು. ಕಪ್ಪು ಕಲೆಗಳು ಉಳಿದಿದ್ದರೆ, ಗಾಡಿ ತಣ್ಣಗಾದ ಮೇಲೆ ಉಗುರಿನಿಂದ ಅಡ್ಡ ಗೀರಿ ನೋಡಬೇಕು. ಉಗುರು ಸಿಕ್ಕಿಕೊಳ್ಳುವಷ್ಟು ಗುಳಿಯಿದ್ದರೆ ಅದು ಬ್ರೇಕ್ ಒತ್ತಿ ಹೋಗುವಂಥದ್ದಲ್ಲ. ಡಿಸ್ಕಿನ ಒಳಮೈಯನ್ನು ತಪ್ಪದೆ ನೋಡಬೇಕು. ಹೊರಮೈ ಕನ್ನಡಿಯಂತೆ ಹೊಳೆಯುತ್ತಾ ಒಳಮೈ ಗುಳಿಬಿದ್ದು ಹೋಗಿರುವುದು ಗ್ಯಾರೇಜುಗಳಲ್ಲಿ ಸಾಮಾನ್ಯ ನೋಟ. ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಜಾರುವ ಪಿನ್ನುಗಳು ಬಿಗಿದರೆ ಒಂದು ಬದಿಯ ಪ್ಯಾಡ್ ಮಾತ್ರ ಕೆಲಸ ಮಾಡುತ್ತದೆ, ಇನ್ನೊಂದು ಬದಿ ಉಜ್ಜಿಸಿಕೊಳ್ಳುವುದೇ ಇಲ್ಲ.

ಪೆಡಲ್ ಕಾಲಿಗೆ ಮಿಡಿದಂತೆ ಆಗುವುದು ಇನ್ನೊಂದು ಗುರುತು. ಡಿಸ್ಕಿನ ದಪ್ಪ ಸುತ್ತಲೂ ಒಂದೇ ಸಮ ಇರಬೇಕು. ಒಂದು ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು ಏರುಪೇರು ಕೂಡ ಕಾಲಿಗೆ, ಸ್ಟೀರಿಂಗಿಗೆ ತಿಳಿಯಬಲ್ಲದು. ಪ್ಯಾಡಿನ ಅಚ್ಚು ಬಿದ್ದ ಜಾಗ ತುಸು ತಗ್ಗಾದರೂ ಹೀಗಾಗುತ್ತದೆ. ದಪ್ಪ ಅಳೆಯುವಾಗ ಒಂದು ಎಚ್ಚರ ಬೇಕು. ಹೊರ ಅಂಚಿನಲ್ಲಿ ಸವೆಯದ ತುಕ್ಕಿನ ಏಣು ಇರುವುದರಿಂದ ಸಾದಾ ವರ್ನಿಯರ್ ಇಟ್ಟು ಅಳೆದರೆ ಡಿಸ್ಕ್ ಇರುವುದಕ್ಕಿಂತ ದಪ್ಪ ಎಂದು ತೋರುತ್ತದೆ. ಏಣು ದಾಟಿ ಒಳಗೆ ಹೋಗುವ ಮೈಕ್ರೋಮೀಟರ್ ಬೇಕು. ಎಷ್ಟು ದಪ್ಪಕ್ಕಿಂತ ಕೆಳಗಿಳಿಯಬಾರದು ಎಂಬುದನ್ನು ಡಿಸ್ಕಿನ ಮೇಲೆಯೇ ಅಚ್ಚೊತ್ತಿರುತ್ತಾರೆ. ಆ ಅಂಕಿಯೂ ತುಕ್ಕಿನಡಿ ಅಡಗಿರುತ್ತದೆ, ತಂತಿ ಬ್ರಷ್ಷಿನಿಂದ ಉಜ್ಜಿದರೆ ಕಾಣಿಸುತ್ತದೆ.

ಬಹುದಿನ ನಿಂತ ಗಾಡಿಯನ್ನು ಹೊರಗೆ ತೆಗೆಯುವುದು

ಎಂಜಿನ್ ಶುರುವಾಗುವ ಮೊದಲೇ ಕೆಲವು ಕೆಲಸಗಳಿವೆ. ಬ್ರೇಕ್ ಆಯಿಲ್ ಡಬ್ಬಿಯ ಮಟ್ಟ ನೋಡಬೇಕು, ನಾಲ್ಕೂ ಗಾಲಿಯ ಒಳಬದಿಯಲ್ಲಿ ಸೋರಿದ ಗುರುತು ಇದೆಯೇ ನೋಡಬೇಕು, ಪೆಡಲ್ ಒತ್ತಿ ಹಿಡಿದು ಅದು ಮೆಲ್ಲಗೆ ಕೆಳಗಿಳಿಯುತ್ತದೆಯೇ ಪರೀಕ್ಷಿಸಬೇಕು. ಇಳಿದರೆ ಗಾಡಿ ಅಲ್ಲೇ ಇರಲಿ, ಮೆಕ್ಯಾನಿಕ್ ಮನೆಗೆ ಬರಲಿ.

ಗಾಲಿ ಬಿಡದಿದ್ದರೆ ಹ್ಯಾಂಡ್ ಬ್ರೇಕ್ ನಿಜಕ್ಕೂ ಇಳಿದಿದೆಯೇ ಎಂಬುದು ಮೊದಲ ಪ್ರಶ್ನೆ. ಸನ್ನೆ ಕೆಳಗಿಳಿದರೂ ತಂತಿ ಹಗ್ಗ ತನ್ನ ಕೊಳವೆಯೊಳಗೆ ತುಕ್ಕು ಹಿಡಿದು ಎಳೆದುಕೊಂಡೇ ಉಳಿದಿರಬಹುದು. ಅದು ಸರಿಯಿದ್ದರೆ, ಹಾಫ್ ಕ್ಲಚ್ಚಿನಲ್ಲಿ ಮೆಲ್ಲಗೆ ಮೊದಲ ಗೇರಿಗೊಮ್ಮೆ, ರಿವರ್ಸಿಗೊಮ್ಮೆ ಹಾಕಿ ಗಾಡಿಯನ್ನು ಹಿಂದೆ ಮುಂದೆ ತೂಗಿಸಬೇಕು. ತೆಳುವಾಗಿ ಅಂಟಿದ್ದರೆ 'ಟಕ್' ಎಂದು ಬಿಟ್ಟುಕೊಳ್ಳುತ್ತದೆ. ಬಿಡದಿದ್ದಾಗ ಆಕ್ಸಿಲರೇಟರ್ ಒತ್ತಿ ಎಳೆದಾಡುವುದೇ ಜನ ಸಾಮಾನ್ಯವಾಗಿ ಮಾಡುವ ತಪ್ಪು. ಡ್ರಮ್ಮಿನಲ್ಲಾದರೆ ಒಳಗಿಂದ ಒತ್ತುವ ಶೂವಿನ ಲೈನಿಂಗ್ ಕಿತ್ತು ಡ್ರಮ್ಮಿಗೇ ಅಂಟಿಕೊಂಡು ಉಳಿಯುತ್ತದೆ. ಡಿಸ್ಕಿನಲ್ಲಾದರೆ ಪ್ಯಾಡಿನ ಹಿಂಬದಿಯ ಉಕ್ಕಿನ ತಗಡಿನಿಂದ ಉಜ್ಜುಭಾಗವೇ ಬಿಟ್ಟು ಬರಬಹುದು. ಗಾಡಿ ಓಡುತ್ತದೆ, ಬ್ರೇಕ್ ಇರುವುದಿಲ್ಲ. ಅದಕ್ಕಿಂತ ಗಾಲಿ ಕಳಚುವುದು ಲೇಸು. ಸಮನೆಲದಲ್ಲಿ, ಉಳಿದ ಗಾಲಿಗಳಿಗೆ ಕಲ್ಲು ಕೊಟ್ಟು, ಜಾಕ್ ಏರಿಸಿ, ಕೆಳಗೆ ಸ್ಟ್ಯಾಂಡ್ ಇಟ್ಟ ಮೇಲೆಯೇ ಈ ಕೆಲಸ. ಜಾಕ್ ಒಂದನ್ನೇ ನಂಬಿ ಗಾಡಿಯಡಿ ಕೈಯಿಡಬಾರದು. ಮರದ ಅಥವಾ ರಬ್ಬರ್ ಸುತ್ತಿಗೆಯಿಂದ ಡ್ರಮ್ಮಿನ ಸುತ್ತ ಹದವಾಗಿ ಬಡಿದರೆ ಶೂ ಬಿಡಿಸಿಕೊಳ್ಳುತ್ತದೆ. ಹಲವು ಸಣ್ಣ ಕಾರುಗಳ ಡ್ರಮ್ಮಿನ ಮುಖದಲ್ಲಿ ಎರಡು ಮರೆಯಿರುವ ತೂತುಗಳಿರುತ್ತವೆ. ಅವಕ್ಕೆ ತಕ್ಕ ಬೋಲ್ಟ್ ಹಾಕಿ ಎರಡನ್ನೂ ಸಮವಾಗಿ ತಿರುಗಿಸುತ್ತಾ ಹೋದರೆ ಡ್ರಮ್ ತಾನೇ ಹೊರಗೆ ಬರುತ್ತದೆ.

ಬಿಡಿಸಿಕೊಂಡ ಮೇಲೆ ಮೊದಲ ಓಟ ಅಂಗಳದಲ್ಲೋ ಖಾಲಿ ದಾರಿಯಲ್ಲೋ ಆಗಬೇಕು. ಗಂಟೆಗೆ 10 ಕಿಮೀ ವೇಗದಲ್ಲಿ ಬ್ರೇಕ್ ಹಿಡಿಯುತ್ತದೆ ಎಂದು ಖಾತ್ರಿಯಾದ ಮೇಲೆ, 40ರ ವೇಗದಿಂದ 10ಕ್ಕೆ ಹದವಾಗಿ ಇಳಿಸುವುದನ್ನು ಎಂಟು ಹತ್ತು ಸಲ, ನಡುವೆ ತಣಿಯಲು ಸ್ವಲ್ಪ ಬಿಡುವು ಕೊಟ್ಟು ಮಾಡಬೇಕು. ಮೊದಲು 'ಗರಗರ' ಸದ್ದು ಇರುತ್ತದೆ, ಹಿಡಿತವೂ ಕಡಿಮೆ. ಸದ್ದು ಪ್ರತಿ ಸಲವೂ ಇಳಿಯುತ್ತಾ ಹೋಗಬೇಕು. ಇಳಿಯದಿದ್ದರೆ, ಗಾಡಿ ಒಂದು ಬದಿಗೆ ಎಳೆದರೆ, ಸುಟ್ಟ ವಾಸನೆ ಬಂದರೆ ನಿಲ್ಲಿಸಬೇಕು. ನಿಲ್ಲಿಸಿದ ಮೇಲೆ ಪ್ರತಿ ಗಾಲಿಯ ಹತ್ತಿರ, ತಾಗಿಸದೆ, ಅಂಗೈಯ ಹಿಂಬದಿ ಹಿಡಿದು ನೋಡಿದರೆ ಹೆಚ್ಚು ಕಾದ ಗಾಲಿ ತಿಳಿಯುತ್ತದೆ. ಅಲ್ಲಿ ಬ್ರೇಕ್ ಪೂರ್ತಿ ಬಿಟ್ಟಿಲ್ಲ.

ಕೈಯಿಂದ ತೆಗೆಯುವುದು, ತೆಗೆಯಬಾರದ ಬಗೆ

ಓಟದಲ್ಲಿ ಹೋಗದ ಆದರೆ ಗುಳಿ ಬೀಳದ ತುಕ್ಕನ್ನು 80ರಿಂದ 120 ನಂಬರಿನ ಉಪ್ಪುಕಾಗದದಿಂದ ಉಜ್ಜಿ ತೆಗೆಯಬಹುದು. ಸುತ್ತಲೂ ಒಂದೇ ಹದದಲ್ಲಿ ಉಜ್ಜಬೇಕು. ಕಲೆ ಕಂಡಲ್ಲಿ ಮಾತ್ರ ಒತ್ತಿ ಉಜ್ಜಿದರೆ ಅಲ್ಲೇ ತಗ್ಗಾಗಿ ಮೇಲೆ ಹೇಳಿದ ಏರುಪೇರನ್ನು ಕೈಯಾರೆ ಮಾಡಿದಂತೆ. ದೂಳನ್ನು ಗಾಳಿ ಊದಿ ಹಾರಿಸಬಾರದು, ಉಸಿರಿಗೆ ಹೋಗುತ್ತದೆ. ಹಳೆಯ ಲೈನಿಂಗುಗಳಲ್ಲಿ ಆಸ್ಬೆಸ್ಟಾಸ್ ಇರುವ ಸಂಭವವೂ ಉಂಟು. ಬ್ರೇಕ್ ಕ್ಲೀನರ್ ಸಿಂಪಡಿಸಿ ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯುವುದು ಸರಿ. ಬಾಗಿಲಿನ ಕೀಲಿಗೆ ಹಾಕುವ ತುಕ್ಕುಬಿಡಿಸುವ ಎಣ್ಣೆ, ಡೀಸೆಲ್, ಸೀಮೆಎಣ್ಣೆ, ತೆಂಗಿನೆಣ್ಣೆ ಇವುಗಳಲ್ಲಿ ಒಂದನ್ನೂ ಉಜ್ಜುವ ಮೈಗೆ ತಾಗಿಸಬಾರದು. ಪ್ಯಾಡ್ ಎಣ್ಣೆ ಕುಡಿದರೆ ಮತ್ತೆ ಶುದ್ಧವಾಗುವುದಿಲ್ಲ, ಬದಲಿಸಲೇಬೇಕು. ತುಕ್ಕು ಕೂರದಿರಲಿ ಎಂದು ಡಿಸ್ಕಿಗೆ ಎಣ್ಣೆ ಸವರಿ ಗಾಡಿ ನಿಲ್ಲಿಸಿ ಹೋಗುವುದು ಅಪಾಯವನ್ನು ಮುಂದಿನ ಚಾಲಕನಿಗೆ ಬಿಟ್ಟುಹೋದಂತೆ.

ಗುಳಿ ಬಿದ್ದಿದ್ದರೆ ದಾರಿ ಎರಡೇ. ದಪ್ಪ ಇನ್ನೂ ಉಳಿದಿದ್ದರೆ ಲೇತಿನಲ್ಲಿ ಎರಡೂ ಮೈ ಸಮವಾಗಿ ಹೆರೆಸಬಹುದು. ಹೆರೆದ ಮೇಲೂ ಅಚ್ಚೊತ್ತಿದ ಕನಿಷ್ಠಕ್ಕಿಂತ ಹೆಚ್ಚು ದಪ್ಪ ಉಳಿಯಬೇಕು. ಇಲ್ಲವೆಂದರೆ ಡಿಸ್ಕ್ ಬದಲಿಸಬೇಕು, ಒಂದೇ ಆಕ್ಸಲಿನ ಎರಡೂ ಬದಿ ಒಟ್ಟಿಗೆ, ಹೊಸ ಪ್ಯಾಡಿನೊಂದಿಗೆ. ಸಣ್ಣ ಕಾರಿನ ತೆಳು ಡಿಸ್ಕಿಗೆ ಹೆರೆಸುವುದಕ್ಕಿಂತ ಹೊಸತು ಹಾಕುವುದೇ ಮೇಲು. ಹೆರೆದು ತೆಳುವಾದ ಡಿಸ್ಕ್ ಬೇಗ ಕಾಯುತ್ತದೆ, ಉಳಿಸಿದ ಹಣಕ್ಕೆ ತಕ್ಕ ಬಾಳಿಕೆ ಬರುವುದಿಲ್ಲ. ಹೊಸ ಡಿಸ್ಕ್ ಕೂರಿಸುವಾಗ ಹಬ್ಬಿನ ಮುಖದ ತುಕ್ಕನ್ನು ಪೂರ್ತಿ ಉಜ್ಜಿ ತೆಗೆಯುವಂತೆ ಕೇಳಿಕೊಳ್ಳಬೇಕು. ಅಲ್ಲಿ ಉಳಿದ ಒಂದು ಚಕ್ಕೆ ಸಾಕು, ಡಿಸ್ಕ್ ಓಲಾಡುತ್ತಾ ತಿರುಗಿ ಕೆಲವು ಸಾವಿರ ಕಿಲೋಮೀಟರಿನಲ್ಲಿ ಮತ್ತೆ ಪೆಡಲ್ ಮಿಡಿಯತೊಡಗುತ್ತದೆ.

ಕಣ್ಣಿಗೆ ಬೀಳದ ತುಕ್ಕು

ಡಿಸ್ಕಿನ ಕೆಂಪು ಕಂಡು ಓಡಿ ಬರುವ ಜನ ಒಳಗಿನದನ್ನು ಕೇಳುವುದಿಲ್ಲ, ನಿಜವಾದ ಕೇಡು ಅಲ್ಲಿರುತ್ತದೆ. ಕ್ಯಾಲಿಪರಿನ ಪಿಸ್ಟನ್ ಸುತ್ತಲಿನ ರಬ್ಬರ್ ಹೊದಿಕೆ ಹರಿದರೆ ತೇವ ಒಳಸೇರಿ ಪಿಸ್ಟನ್ ಬಿಗಿಯುತ್ತದೆ. ಜಾರುವ ಪಿನ್ನುಗಳ ಗ್ರೀಸ್ ಒಣಗಿ ಅವೂ ಕಚ್ಚಿಕೊಳ್ಳುತ್ತವೆ. ಅವಕ್ಕೆ ಬ್ರೇಕಿಗೆಂದೇ ಇರುವ ಸಿಲಿಕೋನ್ ಜಾತಿಯ ಗ್ರೀಸ್ ಬೇಕು. ಕೈಗೆ ಸಿಕ್ಕ ಬೇರಿಂಗ್ ಗ್ರೀಸ್ ಹಾಕಿದರೆ ಅಲ್ಲಿನ ರಬ್ಬರ್ ಊದಿಕೊಂಡು ಮೊದಲಿಗಿಂತ ಬಿಗಿಯಾಗುತ್ತದೆ.

ಬ್ರೇಕ್ ಆಯಿಲ್ ಎಂದು ನಾವು ಕರೆಯುವುದು ಎಣ್ಣೆಯಲ್ಲ, ನೀರನ್ನು ಹೀರುವ ಗ್ಲೈಕಾಲ್ ಜಾತಿಯ ದ್ರವ. ಗಾಡಿ ಓಡಲಿ ಬಿಡಲಿ, ರಬ್ಬರ್ ಕೊಳವೆಗಳ ಮೂಲಕವೂ ಅದು ಗಾಳಿಯ ತೇವವನ್ನು ಎಳೆದುಕೊಳ್ಳುತ್ತಲೇ ಇರುತ್ತದೆ. ಡಾಟ್ 4 ದರ್ಜೆಯ ಹೊಸ ದ್ರವ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ಶೇ 3.7ರಷ್ಟು ನೀರು ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಆ ನೀರು ಪಿಸ್ಟನ್ನನ್ನೂ ಕೊಳವೆಯನ್ನೂ ಒಳಗಿಂದಲೇ ತುಕ್ಕು ಹಿಡಿಸುತ್ತದೆ. ಚಾರ್ಮಾಡಿ, ಶಿರಾಡಿ ಘಾಟಿ ಇಳಿಯುವಾಗ ಕಾದ ದ್ರವ ಕುದಿದು ಗುಳ್ಳೆಯಾದರೆ ಪೆಡಲ್ ನೆಲ ಮುಟ್ಟುತ್ತದೆ. ಓಡಿಸಿದ್ದೇ ಇಲ್ಲ, ಏಕೆ ಬದಲಿಸಬೇಕು ಎಂಬ ವಾದ ಇಲ್ಲಿ ನಿಲ್ಲುವುದಿಲ್ಲ. ಇದರ ಲೆಕ್ಕ ಕಿಲೋಮೀಟರಿನದಲ್ಲ, ಕಾಲದ್ದು. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಿಸುತ್ತಾರೆ.

ನಿಲ್ಲಿಸುವ ಮೊದಲು

ತೊಳೆದ ಗಾಡಿಯನ್ನು ಒದ್ದೆ ಡಿಸ್ಕಿನಲ್ಲೇ ನಿಲ್ಲಿಸದೆ, ಒಂದು ಸುತ್ತು ಓಡಿಸಿ ಬ್ರೇಕ್ ಒತ್ತಿ ಕಾವಿನಲ್ಲಿ ಒಣಗಿಸಿ ನಿಲ್ಲಿಸುವುದು ಅತ್ಯಂತ ಸುಲಭದ ಕ್ರಮ. ಬಹುದಿನ ನಿಲ್ಲುವ ಗಾಡಿ ಸಮನೆಲದಲ್ಲಿದ್ದರೆ ಹ್ಯಾಂಡ್ ಬ್ರೇಕ್ ಎಳೆಯದೆ, ಮೊದಲ ಗೇರಿನಲ್ಲೋ ರಿವರ್ಸಿನಲ್ಲೋ ಬಿಟ್ಟು, ಟಯರಿಗೆ ಎರಡೂ ಕಡೆ ಕಲ್ಲು ಕೊಡಬೇಕು. ಆಟೊಮ್ಯಾಟಿಕ್ ಆದರೆ ಪಾರ್ಕಿಂಗ್ ಸ್ಥಾನ ಮತ್ತು ಕಲ್ಲು. ಇಳಿಜಾರಿನಲ್ಲಿ ಹ್ಯಾಂಡ್ ಬ್ರೇಕ್ ಬಿಡುವ ಮಾತೇ ಇಲ್ಲ, ಅಲ್ಲಿ ಬಹುಕಾಲ ನಿಲ್ಲಿಸಲೂಬಾರದು. ಮಣ್ಣು, ಹುಲ್ಲಿನ ನೆಲ ಹಗಲೆಲ್ಲ ಆವಿ ಬಿಡುವುದರಿಂದ ಕಾಂಕ್ರೀಟ್ ನೆಲ ಮೇಲು. ನೆಲ ಮುಟ್ಟುವಂತೆ ಪ್ಲಾಸ್ಟಿಕ್ ಹಾಳೆ ಹೊದಿಸಿದರೆ ಆ ಆವಿ ಒಳಗೇ ಸಿಕ್ಕಿಕೊಳ್ಳುತ್ತದೆ. ಗಾಳಿಯಾಡುವ ಹೊದಿಕೆ ಇರಲಿ, ಅಥವಾ ಬರೀ ಮಾಡು ಸಾಕು. ವಾರಕ್ಕೊಮ್ಮೆ ನಿಂತಲ್ಲೇ ಎಂಜಿನ್ ಶುರು ಮಾಡಿ ಆರಿಸುವ ರೂಢಿ ಬ್ರೇಕಿಗೆ ಏನೂ ಮಾಡದು. ಹದಿನೈದು ದಿನಕ್ಕೊಮ್ಮೆ ಮನೆಯವರೋ ನೆರೆಯವರೋ ಐದಾರು ಕಿಲೋಮೀಟರ್ ಓಡಿಸಿ ತಂದರೆ ಈ ಲೇಖನದ ಬಹುಪಾಲು ಗಾಡಿಯ ಒಡೆಯರಿಗೆ ಬೇಕಾಗುವುದಿಲ್ಲ.

ವಿದ್ಯುತ್ ಕಾರು ಮತ್ತು ಹೊಸ ಲೇಪಗಳು

ವಿದ್ಯುತ್ ಕಾರು ದಿನವೂ ಓಡಿದರೂ ಅದರ ಡಿಸ್ಕ್ ನಿಂತ ಕಾರಿನದರಂತೆ ತುಕ್ಕು ಹಿಡಿಯಬಲ್ಲದು. ವೇಗ ತಗ್ಗಿಸುವಾಗ ಮೋಟಾರೇ ಜನರೇಟರಾಗಿ ಬ್ಯಾಟರಿ ತುಂಬುತ್ತದೆ, ಪ್ಯಾಡಿಗೆ ಕೆಲಸ ಕಡಿಮೆ. 2020ರಲ್ಲಿ ಬಂದ ಫೋಕ್ಸ್‌ವ್ಯಾಗನ್ ಐಡಿ.3 ಕಾರಿನ ಹಿಂಗಾಲಿಗೆ ಕಂಪನಿ ಮತ್ತೆ ಡ್ರಮ್ ಬ್ರೇಕ್ ಕೂರಿಸಿದ್ದರ ಹಿಂದಿನ ಕಾರಣಗಳಲ್ಲಿ ಇದೂ ಒಂದು. ಇನ್ನೊಂದು ದಾರಿ ಗಟ್ಟಿ ಲೇಪ. ಪೋರ್ಷೆ 2017ರಲ್ಲಿ ಬೀಡಿನ ಡಿಸ್ಕಿಗೆ ಟಂಗ್‌ಸ್ಟನ್ ಕಾರ್ಬೈಡ್ ಲೇಪ ಕೊಟ್ಟು ಮಾರಾಟಕ್ಕೆ ತಂದಿತು. ಅಂಥ ಮೈ ತುಕ್ಕನ್ನೂ ತಡೆಯುತ್ತದೆ, ದೂಳನ್ನೂ ಕಡಿಮೆ ಮಾಡುತ್ತದೆ. ಯುರೋಪಿನ ಯೂರೋ 7 ನಿಯಮ ಮೊದಲ ಬಾರಿಗೆ ಬ್ರೇಕ್ ದೂಳಿಗೂ ಮಿತಿ ಹಾಕಿರುವುದರಿಂದ ಇಂಥ ಲೇಪಗಳು ದುಬಾರಿ ಕಾರುಗಳಿಂದ ಸಾಮಾನ್ಯ ಕಾರುಗಳಿಗೂ ಇಳಿಯತೊಡಗಿವೆ. ನಮ್ಮಲ್ಲಿ ಓಡುವ ವಿದ್ಯುತ್ ಕಾರುಗಳ ಡಿಸ್ಕ್ ಬಹುಮಟ್ಟಿಗೆ ಲೇಪವಿಲ್ಲದ ಬೀಡೇ. ಮೋಟಾರೇ ವೇಗ ತಗ್ಗಿಸಿ ಬ್ಯಾಟರಿ ತುಂಬುವ ಈ ಮರುಉತ್ಪಾದನೆಯ ಮಟ್ಟವನ್ನು ಸೊನ್ನೆಗೆ ಇಳಿಸುವ ಸೌಲಭ್ಯ ಹಲವು ಕಾರುಗಳಲ್ಲಿದೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಹಾಗೆ ಮಾಡಿ, ಹಿಂದೆ ಗಾಡಿಯಿಲ್ಲದ ದಾರಿಯಲ್ಲಿ ಐದಾರು ಸಲ ಗಟ್ಟಿಯಾಗಿ ಪೆಡಲ್ ಒತ್ತಿದರೆ ಆ ವಾರದ ಕೆಂಪು ಅಲ್ಲಿಗೇ ಅಳಿಯುತ್ತದೆ.